ನನ್ನ ಮಗಳನ್ನು ಮನೆಗೆ ಕಳಿಸಿದ ಡಾಕ್ಟರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯಸ್ಥರು, ಮನೋರೋಗ ವಿಭಾಗ,
ನನ್ನ ಮಗಳು ಎರಡು ಸಲ ದಾಖಲಾಗಿದ್ದ ಆಸ್ಪತ್ರೆ,
ಮುಂಬಯಿ

ಮಾನ್ಯ ಡಾಕ್ಟರಿಗೆ ನಮಸ್ಕಾರಗಳು.

ಆಸ್ಪತ್ರೆಯ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ಇಲ್ಲಿ ಹಾಕುತ್ತಿಲ್ಲ. ಹಾಕಿದರೆ ಇದು ಒಬ್ಬರ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ಈ ಎರಡು ವರ್ಷದಲ್ಲಿ ನನ್ನ ಹಾಗೇ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಎಷ್ಟೋ ತಾಯಂದಿರ ಜೊತೆ ಮಾತಾಡಿದ್ದೇನೆ. ಬೇರೆ ಬೇರೆ ಆಸ್ಪತ್ರೆಗಳಿಗೆ ಅಲೆದವರು, ಆದರೂ ಹೆಚ್ಚುಕಮ್ಮಿ ಎಲ್ಲರದೂ ಇದೇ ಕತೆ: ಊಟ ಬಿಟ್ಟ ಮಕ್ಕಳ ತೂಕ ಏರಿಸಿ ಮನೆಗೆ ಕಳಿಸುತ್ತಾರೆ, ತಮ್ಮ ಮೈ ಅವರಿಗೆ ಹೇಗೆ ಕಾಣುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಯಾಕೆ ಅಂದರೆ, ರೌಂಡ್ಸಿಗೆ ಬಂದ ಮೊದಲ ದಿನವೇ ನನ್ನ ಮಾತಿನ ಧಾಟಿ ಹಿಡಿದು "ಕುಂದಾಪುರದ ಬದಿಯವರಾ?" ಎಂದು ಕೇಳಿದವರು ನೀವು. ಆ ಒಂದು ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತು ಅಂತ ನಿಮಗೆ ಗೊತ್ತಿಲ್ಲ.

ಮಗಳಿಗೆ ಈಗ 18. ಅವಳದು ಅನೊರೆಕ್ಸಿಯಾ, ದಪ್ಪ ಆಗುವ ಭಯಕ್ಕೆ ಊಟ ಬಿಡುವ ಮನಸ್ಸಿನ ಕಾಯಿಲೆ. ಈ ಪತ್ರವನ್ನು ಅವಳು ಓದಿದ್ದಾಳೆ. ಎರಡು ಕಡೆ ಪೆನ್ನಿನಿಂದ ಹೊಡೆದು ಹಾಕಿದ್ದಾಳೆ, ಆ ಸಾಲುಗಳು ಇಲ್ಲಿಲ್ಲ. ತೂಕದ ಅಂಕಿ ಮಾತ್ರ ಎಲ್ಲೂ ಬರೀಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಯಾವ ಮನೆಯಲ್ಲೋ ಒಬ್ಬ ಹುಡುಗಿ ಅದನ್ನು ಓದಿ, "ಇವಳಿಗಿಂತ ನಾನು ಕಮ್ಮಿ ಆಗ್ಬೇಕು" ಎಂದು ಲೆಕ್ಕ ಹಾಕಬಹುದಂತೆ. ಅವಳೂ ಒಂದು ಕಾಲಕ್ಕೆ ಹಾಗೆ ಲೆಕ್ಕ ಹಾಕಿದವಳೇ.

ನಾನು ಘಾಟ್ಕೋಪರಿನಲ್ಲಿ ಬ್ಲೌಸ್ ಹೊಲಿಯುವವಳು. 22 ವರ್ಷದಿಂದ ಇದೇ ಕಸುಬು. ಅಂಗಡಿ ಅಂದರೆ ಎಂಟಡಿ ಅಗಲ, ಎರಡು ಮೆಷಿನ್ನು, ಒಂದು ಕನ್ನಡಿ, ಪರದೆ ಹಾಕಿದ ಒಂದು ಮೂಲೆ. ಮಗಳು ಐದನೇ ಕ್ಲಾಸಿನಿಂದ ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಬರುತ್ತಿದ್ದಳು. ನಾನು ಟೇಪು ಹಿಡಿದು ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು ಎಂದು ಕೂಗಿದರೆ ಅವಳು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅಕ್ಷರ ದುಂಡಗೆ, ಒಂದು ಅಂಕಿ ತಪ್ಪುತ್ತಿರಲಿಲ್ಲ. ಅಳತೆಗೆ ನಿಂತ ಹೆಂಗಸರು ಸುಮ್ನೆ ನಿಲ್ಲುವುದಿಲ್ಲ ಡಾಕ್ಟ್ರೇ. "ಅಯ್ಯೋ, ಮತ್ತೆ ಜಾಸ್ತಿ ಆಯ್ತಾ?", "ಕೈ ನೋಡಿ, ಕಂಬ ಇದ್ದ ಹಾಗಿದೆ", "ಸ್ವಲ್ಪ ಟೈಟೇ ಇರಲಿ, ಒಂದು ತಿಂಗಳಲ್ಲಿ ಇಳಿಸ್ತೀನಿ". ದಿನಕ್ಕೆ ಹತ್ತು ಹದಿನೈದು ಜನ. ಎಲ್ಲ ಹಾಸ್ಯಕ್ಕೆ ಹೇಳುವುದು. ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಮಗು ಅದನ್ನೆಲ್ಲ ಕೇಳುತ್ತಿತ್ತು. ನಿಮ್ಮ ಮೇಲೆ ದೂರು ಹೇಳುವ ಮೊದಲು ನನ್ನ ಪಾಲಿನದನ್ನೂ ಹೇಳಿಬಿಡುತ್ತಿದ್ದೇನೆ.

ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲಿ ಶುರುವಾಯಿತು. ಮೊದಲು ಅನ್ನ ಬಿಟ್ಟಳು, ಆಮೇಲೆ ಎಣ್ಣೆ, ಆಮೇಲೆ ರಾತ್ರಿ ಊಟವನ್ನೇ. ನೆಂಟರ ಮದುವೆಗೆ ಹೋದರೆ ಎಲ್ಲರೂ ಅವಳನ್ನು ಸುತ್ತಿಕೊಂಡು "ಎಷ್ಟು ಸ್ಲಿಮ್ ಆಗಿದ್ದೀ ಮಾರಾಯ್ತಿ, ಏನ್ ಮಾಡ್ದೆ, ನಮಗೂ ಹೇಳು" ಎಂದರು. ಒಳಗೊಳಗೇ ನನಗೂ ಹೆಮ್ಮೆಯಾಗಿತ್ತು. ಆರು ತಿಂಗಳಲ್ಲಿ ಮುಟ್ಟು ನಿಂತಿತು, ತಲೆಗೂದಲು ಬಾಚಣಿಗೆಯಲ್ಲಿ ಗಂಟುಗಂಟಾಗಿ ಬರತೊಡಗಿತು. ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದಳು. ಅಲ್ಲಿಂದ ನೇರ ನಿಮ್ಮಲ್ಲಿಗೆ.

ಮೊದಲ ಸಲ ನೀವು ಅವಳ ಜೀವ ಉಳಿಸಿದಿರಿ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ನಾಡಿ ತೀರಾ ನಿಧಾನವಾಗಿತ್ತು, ಪೊಟ್ಯಾಷಿಯಂ ಇಳಿದಿತ್ತು. ನಾನು ಟಿಫಿನ್ ಡಬ್ಬಿ ತುಂಬಾ ತುಪ್ಪ ಹಾಕಿದ ಅನ್ನ ತಂದಾಗ ನಿಮ್ಮ ಕಿರಿಯ ಡಾಕ್ಟರು ತಡೆದರು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಇಳಿದು ಹೃದಯಕ್ಕೇ ಅಪಾಯ ಎಂದು ತಾಳ್ಮೆಯಿಂದ ಹೇಳಿದರು. ಇಲ್ಲದಿದ್ದರೆ ನಾನೇ ಪ್ರೀತಿಯಿಂದ ಅವಳನ್ನು ಕೊಂದಿರುತ್ತಿದ್ದೆ. ಆ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ದೂರು ಅದರ ನಂತರದ್ದು.

ನಿಮ್ಮ ವಾರ್ಡಿನಲ್ಲಿ ತೂಕದ ಯಂತ್ರ ಇರುವುದು ನರ್ಸ್‌ಗಳ ಮೇಜಿನ ಪಕ್ಕ, ಹಾಲಿನಲ್ಲೇ. ದಿನಾ ಬೆಳಿಗ್ಗೆ ಆರಕ್ಕೆ ಅವಳನ್ನು ಅದರ ಮೇಲೆ ನಿಲ್ಲಿಸಿ, ಅಂಕಿಯನ್ನು ಗಟ್ಟಿಯಾಗಿ ಕೂಗಿ, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ನನಗೆ ನನ್ನ ಅಂಗಡಿಯೇ ನೆನಪಾಯಿತು. ಅದೇ ಕೂಗು, ಅದೇ ಪುಸ್ತಕ. ಪಕ್ಕದ ಮಂಚದ ಹೆಂಗಸಿನ ನೆಂಟರೂ ಕೇಳಿಸಿಕೊಂಡು "ಅರೆ ವಾ" ಎನ್ನುತ್ತಿದ್ದರು.

ನಾಲ್ಕನೇ ವಾರ ನೀವು ರೌಂಡ್ಸಿಗೆ ಬಂದು ಅವಳ ತಲೆ ಸವರಿ, "ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿ ಕಾಣ್ತಿ ಮಗಾ" ಎಂದಿರಿ. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿಲ್ಲ, ಅಲ್ವಾ? ಬಾಣಂತಿಗೆ ಹೇಳುತ್ತೇವೆ, ಜ್ವರ ಬಿಟ್ಟು ಎದ್ದವರಿಗೆ ಹೇಳುತ್ತೇವೆ. ಅವತ್ತು ರಾತ್ರಿ ಅವಳು ಊಟದ ತಟ್ಟೆಯನ್ನು ಮುಟ್ಟಲಿಲ್ಲ. ಯಾಕೆ ಎಂದು ನರ್ಸೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ತಿಂಗಳು ಕಳೆದ ಮೇಲೆ ಅವಳೇ ಹೇಳಿದಳು: "ಡಾಕ್ಟರಂಕಲ್ ಕೂಡ ನಾನು ದಪ್ಪ ಆಗಿದೀನಿ ಅಂದ್ರಲ್ಲ ಅಮ್ಮ." ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಂದು ಭಾಷೆಯ ಅತಿ ಪ್ರೀತಿಯ ಮಾತು ಅವಳ ಕಿವಿಯಲ್ಲಿ ಏನಾಗಿ ಬಿದ್ದಿತು ಎಂದು ನಮಗೆ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ನಿಮಗೆ ಗೊತ್ತಿರಬೇಕಿತ್ತು. ಈ ಕಾಯಿಲೆ ಓದಿದವರು ನೀವು.

ಐದು ವಾರಕ್ಕೆ ಡಿಸ್ಚಾರ್ಜ್. ಕಾಗದದಲ್ಲಿ ತೂಕ, ಬಿಪಿ, ರಕ್ತದ ರಿಪೋರ್ಟು, ಊಟದ ಪಟ್ಟಿ, ಎರಡು ಮಾತ್ರೆ ಎಲ್ಲ ಇತ್ತು. ತನ್ನ ಮೈಯನ್ನು ಅವಳು ಈಗ ಹೇಗೆ ಕಾಣುತ್ತಾಳೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಟ್ಯಾಕ್ಸಿಯಲ್ಲಿ ಕೂತಾಗ ಅವಳು ತೊಡೆಯ ಮೇಲೆ ಬ್ಯಾಗ್ ಇಟ್ಟು ಮುಚ್ಚಿಕೊಂಡು, "ಇದು ಆಸ್ಪತ್ರೆಯವರು ಕೊಟ್ಟ ಮೈ, ನಂದಲ್ಲ" ಎಂದಳು. ಸುಸ್ತಿಗೆ ಹಾಗೆ ಹೇಳುತ್ತಾಳೆ ಅಂದುಕೊಂಡೆ.

ಮನೆಗೆ ಬಂದ ಮೇಲೆ ಒಂದು ವಿಚಿತ್ರ ಕಂಡೆ. ನಮ್ಮ ಅಡುಗೆಮನೆ ಬಾಗಿಲು ಮುಂಬಯಿಯ ಎಲ್ಲ ಚಾಳಿನ ಮನೆಗಳ ಹಾಗೆ ಚಿಕ್ಕದು ನಿಜ, ಆದರೆ ನಾನು ನೇರ ನಡೆದುಹೋಗುತ್ತೇನೆ. ನನ್ನ ಅರ್ಧದಷ್ಟಿರುವ ಹುಡುಗಿ ಪ್ರತಿ ಸಲವೂ ಭುಜ ಓರೆ ಮಾಡಿ, ಅಡ್ಡಡ್ಡ ತಿರುಗಿ ಒಳಗೆ ಹೋಗುತ್ತಿದ್ದಳು. ಕೈಯಲ್ಲಿ ಏನೂ ಇಲ್ಲದಿದ್ದಾಗಲೂ. ಅವಳ ಎರಡೂ ಪಕ್ಕದಲ್ಲಿ ಇನ್ನೊಂದು ಗೇಣು ಜಾಗ ಉಳಿಯುತ್ತಿತ್ತು. ಬಟ್ಟೆ ಕತ್ತರಿಸುವ ಕಣ್ಣು ನನ್ನದು, ಕಾಲಿಂಚು ಹೆಚ್ಚುಕಮ್ಮಿಯಾದರೂ ತಿಳಿಯುತ್ತದೆ. "ಯಾಕೆ ಹಾಗೆ ಹೋಗ್ತಿ?" ಎಂದರೆ "ಹೇಗೆ?" ಎಂದು ನನ್ನನ್ನೇ ಕೇಳಿದಳು. ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ತಿಳಿಯಿತು, ಇದನ್ನು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅಳೆದೇ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಬೇರೆ ಬೇರೆ ಅಗಲದ ಬಾಗಿಲಿನಂಥ ಸಂದಿಯಲ್ಲಿ ಜನರನ್ನು ನಡೆಸಿದರು. ಕಾಯಿಲೆ ಇಲ್ಲದವರು, ಸಂದಿ ತಮ್ಮ ಭುಜಕ್ಕಿಂತ ಸುಮಾರು 25 ಶೇಕಡ ಅಗಲವಿದ್ದರೆ ನೇರ ಹೋಗುತ್ತಿದ್ದರು, ಅದಕ್ಕಿಂತ ಕಿರಿದಾದರೆ ತಿರುಗುತ್ತಿದ್ದರು. ಅನೊರೆಕ್ಸಿಯಾ ಇದ್ದವರು ಸಂದಿ 40 ಶೇಕಡ ಅಗಲವಿದ್ದಾಗಲೇ ತಿರುಗತೊಡಗಿದರು. ಅಂದರೆ ತಾನು ದಪ್ಪ ಎಂಬುದು ಬರೀ ತಲೆಯಲ್ಲಿ ಇರುವ ಯೋಚನೆಯಲ್ಲ, ನಡಿಗೆಗೂ ಇಳಿದಿರುತ್ತದೆ. "ನೀನು ತೆಳ್ಳಗಿದ್ದೀ" ಎಂದು ಸಾವಿರ ಸಲ ಹೇಳಿದರೆ ಹೋಗುವಂಥದ್ದಲ್ಲ. ನಾನು ಸಾವಿರ ಸಲ ಹೇಳಿದ್ದೆ.

ನನ್ನ ಟೇಪುಗಳು ಕಾಣೆಯಾಗತೊಡಗಿದವು. ಒಂದು ಅವಳ ದಿಂಬಿನ ಕೆಳಗೆ ಸಿಕ್ಕಿತು, ಒಂದು ಬಾತ್‌ರೂಮಿನ ಬಕೆಟ್ಟಿನ ಹಿಂದೆ. ಮೂರು ತಿಂಗಳಲ್ಲಿ ಮತ್ತೆ ನಿಮ್ಮ ವಾರ್ಡಿಗೇ ಬಂದೆವು. ಮತ್ತೆ ಆರು ಗಂಟೆಯ ಕೂಗು, ಮತ್ತೆ ಊಟದ ಪಟ್ಟಿ, ಮತ್ತೆ ಡಿಸ್ಚಾರ್ಜ್. ಮನೆಯಲ್ಲಿ ಗಮನ ಕೊಡಿ ಎಂದು ಈ ಸಲ ಸ್ವಲ್ಪ ಗದರಿದಿರಿ ಕೂಡ.

ಡಾಕ್ಟ್ರೇ, ಬಾಡಿ ಇಮೇಜ್, ಅಂದರೆ ತನ್ನ ಮೈಯ ಬಗ್ಗೆ ಮನಸ್ಸಿನಲ್ಲಿರುವ ಚಿತ್ರ ಎಂಬುದು ಈ ಕಾಯಿಲೆಯ ಪಕ್ಕದಲ್ಲಿರುವ ಸಣ್ಣ ತೊಂದರೆಯಲ್ಲ. ನನ್ನಂಥ ದರ್ಜಿ ನಿಮಗೆ ಇದನ್ನು ಹೇಳುವುದು ಅಧಿಕಪ್ರಸಂಗ, ಗೊತ್ತು. ಮಗ ಓದಿ ಹೇಳಿದ್ದು, ನಾನು ಕೇಳಿ ಬರೆದುಕೊಂಡಿದ್ದು. ಹಿಲ್ಡೆ ಬ್ರೂಕ್ ಎಂಬ ಮನೋವೈದ್ಯೆ 1962ರಲ್ಲೇ ಇದನ್ನು ಅನೊರೆಕ್ಸಿಯಾದ ಮುಖ್ಯ ಲಕ್ಷಣ ಎಂದು ಬರೆದಿದ್ದರು. ಮೈಯ ಚಿತ್ರ ಸರಿಹೋಗದೆ ಬರೀ ತೂಕ ಏರಿದರೆ ಆ ಚೇತರಿಕೆಯನ್ನು ನಂಬುವಂತಿಲ್ಲ ಎಂಬುದು ಆಗಲೇ ಅವರ ಅಭಿಪ್ರಾಯ. ಮನಸ್ಸಿನ ಕಾಯಿಲೆ ಗುರುತಿಸಲು ಡಾಕ್ಟರುಗಳು ನೋಡುವ, 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಪುಸ್ತಕದಲ್ಲೂ ರೋಗ ಗುರುತಿಸುವ ಮೂರು ಅಂಶಗಳಲ್ಲಿ ಇದೂ ಒಂದು. ಮೂರರಲ್ಲಿ ಒಂದನ್ನು ಮಾತ್ರ ಸರಿಮಾಡಿ ಫೈಲು ಮುಚ್ಚಬಹುದಾ?

ತೂಕ ಮೊದಲು ಎಂಬ ನಿಮ್ಮ ಕ್ರಮವನ್ನು ನಾನು ತಪ್ಪೆನ್ನುವುದಿಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರಂತೆ. ಅಂಥ ಗಟ್ಟಿ ಆಳುಗಳೂ ಹಗಲೂ ರಾತ್ರಿ ಊಟದ ಯೋಚನೆಯಲ್ಲೇ ಮುಳುಗಿ, ಸಿಡುಕಿ, ಮಂಕಾಗಿ ಕೂತರು. ಹಸಿದ ತಲೆಗೆ ಬುದ್ಧಿಮಾತು ಹತ್ತುವುದಿಲ್ಲ. ಮೊದಲು ಊಟವೇ ಸರಿ. ಅಲ್ಲಿಗೇ ನಿಂತುಬಿಟ್ಟದ್ದು ನನ್ನ ತಕರಾರು. ತೂಕ ಏರಿದ ಆ ವಾರಗಳೇ ಇಂಥ ಮಕ್ಕಳಿಗೆ ಅತಿ ಭಯದ ವಾರಗಳು. ಸರಿಯಾಗಿ ಆಗಲೇ ನೀವು ಕೈಬಿಟ್ಟಿರಿ.

ಇದಕ್ಕೆ ಚಿಕಿತ್ಸೆಯೇ ಇಲ್ಲ ಎಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಇದೆ. ನಮಗೆ ಸಿಕ್ಕಿದ್ದು ಠಾಣೆ ಊರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ, ಅದೂ ಗಿರಾಕಿಯೊಬ್ಬರು ಹೇಳಿದ್ದಕ್ಕೆ. ಅಲ್ಲಿನ ಮೇಡಂ ಮಾಡಿದ್ದು ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಎಂಬ ಪದ್ಧತಿ, ಕೂತು ಮಾತಾಡಿ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ. ತೂಕ ತೀರಾ ಇಳಿಯದವರಿಗೆ 20 ಭೇಟಿ, ಇಳಿದವರಿಗೆ 40ರಷ್ಟು. ಅದರಲ್ಲಿ ಮೈಯನ್ನು ನೋಡುವ ಬಗೆಗೇ ಒಂದು ಭಾಗ ಮೀಸಲು.

ಮೊದಲ ದಿನ ಅವರು ಒಂದು ವೃತ್ತ ಬರೆಸಿದರು. ನೀನು ನಿನ್ನನ್ನು ಒಳ್ಳೆಯವಳೋ ಅಲ್ಲವೋ ಎಂದು ಯಾವುದರಿಂದ ತೀರ್ಮಾನಿಸುತ್ತಿ, ಹೋಳಿಗೆ ಕತ್ತರಿಸಿದ ಹಾಗೆ ಪಾಲು ಮಾಡು ಎಂದರು. ಹೋಳಿಗೆ ಅಂದದ್ದಕ್ಕೆ ಮಗಳಿಗೆ ನಗು ಬಂತಂತೆ. ಅವಳು ಬರೆದದ್ದನ್ನು ನನಗೂ ತೋರಿಸಿದರು. ಮುಕ್ಕಾಲು ವೃತ್ತದ ಮೇಲೆ 'ಮೈ' ಎಂದಿತ್ತು. ಒಂದು ಸೀಳಿನಲ್ಲಿ 'ಮಾರ್ಕು'. ಅಣ್ಣ, ಗೆಳತಿಯರು, ಅವಳ ಚಂದದ ಅಕ್ಷರ, ಅವಳು ಬಿಡಿಸುವ ರಂಗೋಲಿ ಎಲ್ಲ ಸೇರಿ ಗೆರೆಯಷ್ಟು ಸಣ್ಣ ಚೂರು. ಆ ಚೂರುಗಳನ್ನು ದೊಡ್ಡದು ಮಾಡುವ ಕೆಲಸ ಒಂದು ಕಡೆ ನಡೆಯಿತು.

ಇನ್ನೊಂದು ಕಡೆ, ದಿನಕ್ಕೆ ಎಷ್ಟು ಸಲ ಮೈ ಪರೀಕ್ಷೆ ಮಾಡಿಕೊಳ್ಳುತ್ತಾಳೆ ಎಂದು ಗುರುತು ಹಾಕಲು ಹೇಳಿದರು. ಮಣಿಕಟ್ಟನ್ನು ಬೆರಳಿನಿಂದ ಸುತ್ತುವುದು, ಹೊಟ್ಟೆ ಚಿವುಟಿ ನೋಡುವುದು, ಟ್ರೇನಿನ ಕಿಟಕಿ ಗಾಜಿನಲ್ಲಿ ಮುಖ ನೋಡುವುದು, ಪಕ್ಕದವಳ ತೋಳಿನ ಜೊತೆ ತನ್ನ ತೋಳು ಹೋಲಿಸುವುದು. ಮೊದಲ ದಿನ ಮಧ್ಯಾಹ್ನದೊಳಗೇ ಪುಟ ತುಂಬಿತು. ಹುಡುಕಿದಷ್ಟೂ ಐಬು ಸಿಗುತ್ತದೆ ಎಂದು ಮೇಡಂ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಹೊಲಿದ ಬ್ಲೌಸನ್ನೇ ಹತ್ತು ಸಲ ತಿರುಗಿಸಿ ನೋಡುವ ಗಿರಾಕಿಗೆ ಹತ್ತನೇ ಸಲ ಏನೋ ಒಂದು ಸೊಟ್ಟ ಕಾಣದೆ ಇರುವುದಿಲ್ಲ.

"ದಪ್ಪ ಅನ್ನಿಸ್ತಿದೆ" ಎಂದಾಗಲೆಲ್ಲ ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ಬರೆಯಬೇಕಿತ್ತು. ಗೆಳತಿ ಮೆಸೇಜಿಗೆ ಉತ್ತರ ಕೊಡಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಸೆಕೆ. ಅಪ್ಪ ಬೈದರು. ಬೇಜಾರು, ಸೆಕೆ, ಸಿಟ್ಟು ಎಲ್ಲವೂ ಅವಳಲ್ಲಿ 'ದಪ್ಪ' ಎಂಬ ಒಂದೇ ಹೆಸರಿನಲ್ಲಿ ಬರುತ್ತಿತ್ತು.

ಕನ್ನಡಿಯ ಕೆಲಸ ಬಹಳ ತಡವಾಗಿ ಬಂತು, ಮೇಡಂ ಅವಸರ ಮಾಡಲಿಲ್ಲ. ಮೊದಲು ಅವರ ಎದುರೇ ಎಷ್ಟೋ ಸಲ ಆದ ಮೇಲೆ, ಒಂದು ಭಾನುವಾರ ಅಂಗಡಿಯ ಶಟರ್ ಅರ್ಧ ಇಳಿಸಿ ನನ್ನ ಕನ್ನಡಿಯ ಮುಂದೆ ನಿಂತಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ತಲೆಯಿಂದ ಕಾಲಿನ ತನಕ ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಚಂದ, ಕೆಟ್ಟ, ದಪ್ಪ, ಸಣ್ಣ ಎಂಬ ಮಾತು ಬರಬಾರದು. ಬೇಡದ ಜಾಗದಲ್ಲೇ ಕಣ್ಣು ನಿಲ್ಲಿಸಬಾರದು, ಯಾವುದನ್ನೂ ಹಾರಿಸಲೂಬಾರದು. "ಕೂದಲು ಕಪ್ಪು, ಭುಜದ ತನಕ. ಹಣೆ ಅಗಲ. ಎಡಭುಜ ಬಲಭುಜಕ್ಕಿಂತ ಸ್ವಲ್ಪ ಕೆಳಗಿದೆ..." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಎಲ್ಲರಿಗೂ ಹಾಗೇ ಇರುತ್ತೆ ಎಂದೆ. 22 ವರ್ಷದಲ್ಲಿ ಎರಡು ಭುಜ ಸಮ ಇರುವ ಒಬ್ಬ ಹೆಂಗಸನ್ನೂ ನಾನು ಅಳೆದಿಲ್ಲ, ಅದಕ್ಕೇ ಎರಡೂ ಕಡೆ ಬೇರೆ ಬೇರೆ ಗುರುತು ಹಾಕಿ ಕತ್ತರಿಸುವುದು. ಅವಳು ಮತ್ತೆ ಕನ್ನಡಿಗೆ ತಿರುಗಿ ಮುಂದುವರಿಸಿದಳು. ಹೊಟ್ಟೆಯ ಹತ್ತಿರ ಬಂದಾಗ ಅತ್ತಳು, ಆದರೆ ಹಾರಿಸಲಿಲ್ಲ. ಮುಗಿಯಲು ಅರ್ಧ ಗಂಟೆ ಬೇಕಾಯಿತು.

ಅವಳು ಪೂರ್ತಿ ಗುಣವಾಗಿದ್ದಾಳೆ ಎಂದು ನಾನು ಹೇಳುವುದಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ, ಹೊಸ ಬಟ್ಟೆ ಕೊಳ್ಳುವ ದಿನ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿರುತ್ತೇವೆ. ಆದರೆ ವರ್ಷದಿಂದ ವಾರ್ಡು ಹತ್ತಿಲ್ಲ.

ಈಗ ನನ್ನ ಬೇಡಿಕೆಗಳು. ದೊಡ್ಡವೇನಲ್ಲ.

ತೂಕದ ಯಂತ್ರವನ್ನು ದಯವಿಟ್ಟು ಒಂದು ಕೋಣೆಯ ಒಳಗೆ ಇಡಿಸಿ. ಇದಕ್ಕೆ ಬಜೆಟ್ ಬೇಡ, ಇಬ್ಬರು ವಾರ್ಡ್‌ಬಾಯ್‌ಗಳು ಸಾಕು. ಅಂಕಿಯನ್ನು ರೋಗಿಯಿಂದ ಮುಚ್ಚಿಡಿ ಎನ್ನುತ್ತಿಲ್ಲ. ಠಾಣೆಯ ಮೇಡಂ ವಾರಕ್ಕೊಮ್ಮೆ ಅವಳಿಗೆ ತೋರಿಸಿಯೇ ತೂಗುತ್ತಿದ್ದರು, ಗ್ರಾಫ್ ಹಾಕಿ, ಅಂಕಿ ಯಾಕೆ ಹೆಚ್ಚುಕಮ್ಮಿ ಆಡುತ್ತದೆ ಎಂದು ಕೂತು ಮಾತಾಡುತ್ತಿದ್ದರು. ತೋರಿಸುವುದು ಬೇರೆ, ಕೂಗುವುದು ಬೇರೆ.

ಡಿಸ್ಚಾರ್ಜಿಗೆ ಮೊದಲು ಒಮ್ಮೆ ಕೇಳಿ, ನಿನ್ನ ಮೈ ನಿನಗೆ ಈಗ ಹೇಗೆ ಕಾಣುತ್ತಿದೆ ಎಂದು. ಬಾಯಿಮಾತಿಗೆ ಸಮಯ ಇಲ್ಲವಾದರೆ ಇದಕ್ಕೆಂದೇ ಪ್ರಶ್ನಾವಳಿಗಳಿವೆ. 1987ರಿಂದ ಬಳಕೆಯಲ್ಲಿರುವ ಬಾಡಿ ಶೇಪ್ ಕ್ವೆಶ್ಚನೇರ್‌ನಲ್ಲಿ 34 ಪ್ರಶ್ನೆ, ತುಂಬಲು ಹತ್ತು ಹದಿನೈದು ನಿಮಿಷ. ಬಂದ ಉತ್ತರವನ್ನು ಬಿಪಿಯ ಪಕ್ಕದಲ್ಲೇ ಡಿಸ್ಚಾರ್ಜ್ ಕಾಗದದಲ್ಲಿ ಬರೆಯಿರಿ. ಈ ಕೆಲಸ ತಿಳಿದ ಒಬ್ಬ ಮನಃಶಾಸ್ತ್ರಜ್ಞರನ್ನು ವಿಭಾಗಕ್ಕೆ ತೆಗೆದುಕೊಳ್ಳಿ. ಅಲ್ಲಿಯ ತನಕ ಎಲ್ಲಿಗೆ ಹೋಗಬೇಕು ಎಂದಾದರೂ ಬರೆದು ಕೊಡಿ, ಗಿರಾಕಿಯ ಬಾಯಲ್ಲಿ ನಾವು ಕೇಳಿ ತಿಳಿಯುವ ಹಾಗಾಗಬಾರದು. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಹಾಯ ಮಾಡುವ ಸರ್ಕಾರದ ಟೆಲಿ-ಮಾನಸ್‌ನ 14416 ನಂಬರು 2022ರಿಂದ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅದೂ ನಮಗೆ ಯಾರೂ ಹೇಳಿರಲಿಲ್ಲ.

ಮನೆಯವರನ್ನು ಒಂದು ಗಂಟೆ ಕೂರಿಸಿ, ಏನು ಹೇಳಬಾರದು ಎಂದು ಹೇಳಿಕೊಡಿ. ಊಟದ ಪಟ್ಟಿ ಮಾತ್ರ ಕೊಟ್ಟರೆ ಸಾಲದು. "ಸೊರಗಿದ್ದಿ", "ತುಂಬಿಕೊಂಡಿದ್ದಿ" ಎರಡನ್ನೂ ನಾವು ಮನೆಯಲ್ಲಿ ಬಿಟ್ಟಿದ್ದೇವೆ. "ಬಂದ್ಯಾ, ಕೂತ್ಕೋ" ಅಷ್ಟೇ. ಅವಳ ಅಜ್ಜಿಗೆ ಇದನ್ನು ಕಲಿಸಲು ನಾಲ್ಕು ತಿಂಗಳು ಹಿಡಿಯಿತು, ಫೋನಿನಲ್ಲಿ ಈಗಲೂ ಬಾಯಿತಪ್ಪುತ್ತದೆ. ನಿಮ್ಮ ರೌಂಡ್ಸಿಗೂ ಇದೇ ನಿಯಮ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಹಾಗೇ ನಿಮ್ಮ ವಾರ್ಡಿನ ಗೋಡೆಯ ಮೇಲೆ ಈ ಕಾಯಿಲೆಯ ಬಗ್ಗೆ ಹಾಕಿದ ಚಿತ್ರದಲ್ಲಿ ಬರೀ ಹುಡುಗಿಯರಿದ್ದಾರೆ. ಕಾರಿಡಾರಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗನ ಅಪ್ಪನೂ ಕೂತಿದ್ದರು, ತಪ್ಪು ವಾರ್ಡಿಗೆ ಬಂದವರ ಹಾಗೆ ತಲೆ ತಗ್ಗಿಸಿಕೊಂಡು.

ಇನ್ಶೂರೆನ್ಸ್ ಕೌಂಟರಿನ ವಿಷಯ ಬೇರೆಯೇ ಒಂದು ಪತ್ರವಾಗುತ್ತದೆ. ಇದು ಮನಸ್ಸಿನ ಕಾಯಿಲೆ, ಕ್ಲೇಮ್ ಆಗಲ್ಲ ಎಂದು ಅಲ್ಲಿದ್ದವರು ಕಾಗದವನ್ನೂ ನೋಡದೆ ಹೇಳಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮಿನಲ್ಲಿ, ವಿಮೆಯವರು ಮೈಯ ಕಾಯಿಲೆಯ ಹಾಗೇ ಮನಸ್ಸಿನ ಕಾಯಿಲೆಗೂ ವ್ಯವಸ್ಥೆ ಮಾಡಬೇಕು ಎಂದಿದೆ. ಆ ಪುಟದ ಒಂದು ಜೆರಾಕ್ಸ್ ಅನ್ನು ಆ ಕೌಂಟರಿನ ಗಾಜಿಗೆ ಅಂಟಿಸಿದರೆ ನನ್ನಂಥವರು ಬಳೆ ಅಡ ಇಡುವುದು ತಪ್ಪುತ್ತದೆ.

ಬರುವ ತಿಂಗಳ ಎರಡನೇ ವಾರ ಅವಳ ಚೆಕಪ್ ಇದೆ. ನಾನೂ ಬರುತ್ತೇನೆ. ತೂಕದ ಯಂತ್ರ ಹಾಲಿನಲ್ಲೇ ಇದೆಯಾ, ಒಳಗೆ ಹೋಗಿದೆಯಾ, ಮೊದಲು ಅದನ್ನೇ ನೋಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ತಾಯಿ,
ಘಾಟ್ಕೋಪರ್, ಮುಂಬಯಿ